ಅಗೆಯದವಳ ನೆಲ

ಪೆತೆಲೊ ಸತ್ತಾಗ ಅವನ ಅಕ್ಕ ತೆಲೇಸಿಯಾ ಅಳಲಿಲ್ಲ ಎಂದು ನಮ್ಮೂರಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಅದು ಸುಳ್ಳು. ನಾನು ಅವಳ ಪಕ್ಕದ ಮನೆಯವನು. ಹೆಣ ಮೀಯಿಸುವ ಮೊದಲು ಅವಳು ನಮ್ಮ ಹಿತ್ತಿಲ ಜೀಗುಜ್ಜೆ ಮರದ ಬುಡಕ್ಕೆ ಬಂದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದನ್ನು ನಾನೂ ನನ್ನ ಹೆಂಡತಿಯೂ ನೋಡಿದ್ದೇವೆ. ಅತ್ತು ಮುಗಿಸಿ ಮುಖ ತೊಳೆದುಕೊಂಡಳು. ಸಾವಿನ ಮನೆಗೆಂದು ಸೊಂಟಕ್ಕೆ ಕಟ್ಟುವ ಚಾಪೆಯನ್ನು ಬಿಗಿಯಾಗಿ ಸುತ್ತಿಕೊಂಡಳು. ಆಮೇಲೆ ಹೋಗಿ ತಮ್ಮನ ತಲೆಯ ಹತ್ತಿರ ಕೂತಳು.

ಆ ಜಾಗ ಅವಳದೇ. ನಿಯುವಾಫೊಊ ದ್ವೀಪದಲ್ಲಷ್ಟೇ ಅಲ್ಲ, ಇಡೀ ತೊಂಗಾ ದೇಶದಲ್ಲಿ ಸೋದರತ್ತೆಗಿಂತ ದೊಡ್ಡವರಿಲ್ಲ. ಅಣ್ಣತಮ್ಮಂದಿರ ಮಕ್ಕಳ ಹತ್ತಿರ ಅವಳು ಏನು ಕೇಳಿದರೂ ಇಲ್ಲವೆನ್ನುವಂತಿಲ್ಲ. ಸಾವಾಗಲಿ ಮದುವೆಯಾಗಲಿ, ಒಳ್ಳೆಯ ಚಾಪೆ, ಒಳ್ಳೆಯ ನಾರುಬಟ್ಟೆ, ಹಂದಿಯ ಒಳ್ಳೆಯ ಭಾಗ ಮೊದಲು ಅವಳ ಮುಂದೆ ಬರುತ್ತದೆ. ಕೆಲವು ಸೋದರತ್ತೆಯರು ಬಂದರೆಂದರೆ ಮನೆಯವರು ಹೊಸ ಚಾಪೆಗಳನ್ನು ಸುತ್ತಿ ಮಂಚದ ಕೆಳಗೆ ತಳ್ಳುವುದೂ ಉಂಟು. ತೆಲೇಸಿಯಾ ಮಾತ್ರ ಆವರೆಗೆ ಯಾರ ಮನೆಯಿಂದಲೂ ಏನನ್ನೂ ಕೇಳಿ ಒಯ್ದವಳಲ್ಲ. ಕೊಟ್ಟರೆ ಅರ್ಧ ಅಲ್ಲೇ ಬಿಟ್ಟು ಬರುವಳು. ಹಾಗಾಗಿ ಅವತ್ತು ಅವಳು ಬಾಯಿ ತೆರೆದಾಗ ಯಾರೂ ಅದಕ್ಕೆ ತಯಾರಿರಲಿಲ್ಲ.

ಅವಳು ಕೇಳಿದ್ದು ಏನನ್ನು, ಯಾಕೆ ಎಂಬುದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ದ್ವೀಪದ ನಡುವೆ ಕೆರೆಯಿದೆ, ಕೆರೆಯ ಸುತ್ತ ಕಾಡಿದೆ, ಕೆಲವು ಕಡೆ ನೆಲ ಒಳಗಿನಿಂದ ಬಿಸಿಯಾಗಿದೆ. ಆ ಬಿಸಿ ಬೂದಿಮಣ್ಣಿನಲ್ಲಿ ಮಲೌ ಹಕ್ಕಿ ಮೊಟ್ಟೆ ಇಡುತ್ತದೆ. ಕೋಳಿಗಿಂತ ಚಿಕ್ಕ ಹಕ್ಕಿ, ಕಂದು ಮೈ, ಮೈಗೆ ಹೊಂದದಷ್ಟು ದೊಡ್ಡ ಹಳದಿ ಕಾಲು. ಆಳವಾಗಿ ಬಿಲ ತೋಡಿ, ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಕಾವು ಕೊಡುವ ಕೆಲಸ ಭೂಮಿಯದು. ಮರಿ ನೆಲದೊಳಗೇ ಒಡೆದು, ತಾನೇ ಮಣ್ಣು ಕೆದರಿಕೊಂಡು ಮೇಲೆ ಬಂದು, ತಾಯಿಯ ಮುಖ ನೋಡದೆಯೇ ಹಾರಿಹೋಗುತ್ತದೆ. ಮೊಟ್ಟೆ ಬಲು ದೊಡ್ಡದು, ಬಲು ರುಚಿ. ಬಿಸಿನೆಲದ ಒಂದೊಂದು ತುಂಡೂ ಒಂದೊಂದು ಮನೆತನದ್ದು. ಆ ಮನೆಯವರ ಹೊರತು ಬೇರೆ ಯಾರೂ ಅಲ್ಲಿ ಅಗೆಯುವಂತಿಲ್ಲ.

ತೆಲೇಸಿಯಾ ದೊಡ್ಡ ಹುಡುಗಿಯಾಗಿದ್ದಾಗ ಬೆಟ್ಟ ಬೆಂಕಿ ಕಾರಿತು. ಮನೆಗಳು ಸುಟ್ಟವು. ಸರಕಾರ ಎಲ್ಲರನ್ನೂ ಹಡಗಿಗೆ ಹತ್ತಿಸಿ ದಕ್ಷಿಣದ ಎಉವಾ ದ್ವೀಪಕ್ಕೆ ಸಾಗಿಸಿತು. ಅಲ್ಲಿ ಅವಳು ಬೆಳೆದಳು, ಮದುವೆಯಾದಳು, ಗಂಡನನ್ನು ಕಡಲಿಗೆ ಕಳೆದುಕೊಂಡಳು. ಮಕ್ಕಳಾಗಿರಲಿಲ್ಲ. ಬಹಳ ವರ್ಷಗಳ ಮೇಲೆ, ಹಿಂತಿರುಗುವವರು ಹಿಂತಿರುಗಬಹುದು ಎಂದಾಗ, ಮೊದಲ ದೋಣಿಗಳಲ್ಲಿ ಅವಳೂ ಪೆತೆಲೊನೂ ಬಂದರು. ನಾನೂ ಅದೇ ದೋಣಿಯಲ್ಲಿದ್ದೆ. ಕಾಡು ಅಂಗಳಕ್ಕೆ ಬಂದಿತ್ತು. ಬೆಳಗಾದರೆ ಕೆರೆಯ ಕಡೆಯಿಂದ ಮಲೌಗಳ ಕೂಗು. ಒಂದು ಗಂಡು ಕೂಗಿದರೆ ಅದರ ಹೆಣ್ಣು ಮಾತು ಮುಗಿಯಗೊಡದೆ ಉತ್ತರ ಕೊಡುತ್ತದೆ, ಅದಕ್ಕೆ ಪಕ್ಕದ ಜೋಡಿ, ಅದಕ್ಕೆ ಆಚೆಯ ಜೋಡಿ. ಚಾಪೆಯ ಮೇಲೆ ಎದ್ದು ಕೂತು ಕೇಳುತ್ತಿದ್ದೆವು. ಬೇಸಾಯ ಇನ್ನೂ ಕೈಗೆ ಬಂದಿರಲಿಲ್ಲ, ಹಸಿವಿತ್ತು. ಆ ವರ್ಷ ಊರೆಲ್ಲ ಮಲೌ ಮೊಟ್ಟೆ ತಿಂದೇ ಬದುಕಿತು ಎಂದರೂ ತಪ್ಪಲ್ಲ.

ಕೆಸು ಬಂತು, ಗೆಣಸು ಬಂತು, ಹಂದಿ ಕೋಳಿ ಬಂದವು. ಅಗೆಯುವುದು ಮಾತ್ರ ನಿಲ್ಲಲಿಲ್ಲ. ಹಂದಿಗಳೂ ಅಗೆಯಲು ಕಲಿತವು, ಬೆಕ್ಕುಗಳು ಮರಿ ಹಿಡಿಯಲು ಕಲಿತವು. ಬೆಳಗಿನ ಕೂಗು ತೆಳುವಾಗುತ್ತ ಬಂತು. ಎಲ್ಲರಿಗೂ ಅದು ಗೊತ್ತಿತ್ತು. ಆದರೆ ತೆಲೇಸಿಯಾ ಒಂದು ದಿನ ಅದನ್ನು ಬಾಯಿಬಿಟ್ಟು ಹೇಳಿದಳು. ಬಾವಿಕಟ್ಟೆಯ ಹತ್ತಿರ ನನ್ನ ಹೆಂಡತಿಯ ಮುಂದೆ ಹೇಳಿದ್ದು: "ನಾವು ಇಲ್ಲದಾಗ ಅವು ಚೆನ್ನಾಗಿದ್ವು ಕಣೇ. ನಾವು ಬಂದ್ವಿ, ಅವು ಹೋಗ್ತಿವೆ. ಬೆಂಕಿ ನಮ್ಮನ್ನ ಓಡಿಸ್ತು, ನಾವು ಅವನ್ನ ಓಡಿಸ್ತಿದೀವಿ."

"ನಿಮ್ಮ ತಮ್ಮನಿಗೆ ಹೇಳಿ ಮತ್ತೆ. ನೀವು ಹೇಳಿದ್ರೆ ಇಲ್ಲ ಅಂತಾನಾ?" ಎಂದಳು ನನ್ನ ಹೆಂಡತಿ.

"ಇಲ್ಲ ಅನ್ನಲ್ಲ. ಅದಕ್ಕೇ ಹೇಳಲ್ಲ. ಅವನ ಮನೆ ತುಂಬ ಬಾಯಿಗಳಿವೆ."

ಪೆತೆಲೊ ಬದುಕಿರುವವರೆಗೂ ಅವಳು ಆ ಮಾತು ಎತ್ತಲಿಲ್ಲ. ಅವನು ಕೆರೆಯಿಂದ ಬುಟ್ಟಿ ಹೊತ್ತು ಅವಳ ಮನೆಯ ಮುಂದೆ ಹಾದುಹೋಗುವಾಗ ಅಕ್ಕನಿಗೆಂದು ಎರಡು ಮೊಟ್ಟೆ ಮೆಟ್ಟಿಲ ಮೇಲೆ ಇಡುತ್ತಿದ್ದ. ಅವಳು ಅವನ್ನು ಬೇಯಿಸದೆ, ಬಿಸಿ ಆರುವ ಮೊದಲೇ ಒಯ್ದು ಮತ್ತೆ ಹೂತು ಬರುತ್ತಿದ್ದಳು. ಅವು ಒಡೆದವೋ ಇಲ್ಲವೋ ಯಾರಿಗೆ ಗೊತ್ತು. ತಮ್ಮನಿಗೂ ಇದು ತಿಳಿದಿತ್ತೆಂದು ನನ್ನ ಅನುಮಾನ. ಅಕ್ಕ ತಮ್ಮ ಸಲಿಗೆಯಿಂದ ಮಾತಾಡುವ ವಾಡಿಕೆ ನಮ್ಮಲ್ಲಿಲ್ಲ. ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈಗ ಮತ್ತೆ ಆ ಸಾವಿನ ಮನೆಗೆ ಬರುತ್ತೇನೆ.

ಪೆತೆಲೊನ ಮಗ ಅತೋನಿಯೊ, ಸೊಸೆ ಲಾವಿನಿಯಾ ತಮ್ಮ ಶಕ್ತಿ ಮೀರಿ ಎಲ್ಲ ಸಿದ್ಧಮಾಡಿದ್ದರು. ಲಾವಿನಿಯಾ ಮೊಣಕಾಲ ಮೇಲೆ ಸರಿಯುತ್ತ ಬಂದು ಒಂದೊಂದೇ ಚಾಪೆ ಬಿಚ್ಚಿ ತೆಲೇಸಿಯಾಳ ಮುಂದೆ ಹಾಸಿದಳು. ಕೊನೆಯದು ನೂಲಿನಷ್ಟು ಸಣ್ಣಗೆ ಸೀಳಿದ ಕೇದಿಗೆ ಗರಿಯದು. ಅತೋನಿಯೊನ ಅಜ್ಜಿ ನೇಯ್ದದ್ದು, ಮುಟ್ಟಿದರೆ ಬಟ್ಟೆಯಂತೆ ಮೆತ್ತಗೆ. ಅದನ್ನು ಹಾಸುವಾಗ ಲಾವಿನಿಯಾಳ ಕೈ ಒಂದು ಗಳಿಗೆ ತಡೆಯಿತು. ಎಲ್ಲರೂ ನೋಡಿದರು.

"ಎತ್ತಿಡು ಲಾವಿನಿಯಾ. ಎಲ್ಲಾ ಎತ್ತಿಡು," ಎಂದಳು ತೆಲೇಸಿಯಾ.

ಲಾವಿನಿಯಾ ಚಾಪೆ ಬಿಟ್ಟು ತಲೆಯೆತ್ತಿದಳು. ಕೊಟ್ಟದ್ದನ್ನು ಸೋದರತ್ತೆ ತಿರಸ್ಕರಿಸಿದರೆ ಆ ಮನೆಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. "ಏನ್ ತಪ್ಪಾಯ್ತು ಅತ್ತೆ? ಕಮ್ಮಿಯಾಯ್ತಾ?"

"ತಪ್ಪೂ ಇಲ್ಲ, ಕಮ್ಮೀನೂ ಇಲ್ಲ. ನಿನ್ನ ಮಗಳ ಮದುವೆಗಿರ್ಲಿ ಇವು. ನಂಗೆ ಬೇರೆ ಬೇಕು." ಅವಳು ಅಳಿಯನ ಕಡೆ ತಿರುಗಿದಳು. "ಅತೋನಿಯೊ, ಕೆರೆ ಹತ್ರ ನಿಮ್ಮಪ್ಪ ಅಗೀತಿದ್ದ ನೆಲ ನಂಗೆ ಕೊಡು."

ಹೊರಗೆ ಕಾವಾ ಬೇರಿನ ಪಾನಕ ಕುಡಿಯುತ್ತಿದ್ದ ಗಂಡಸರೂ ಬಾಗಿಲ ಕಡೆ ಕತ್ತು ಚಾಚಿದರು.

"ನೀವು... ಅಗೀತೀರಾ ಅತ್ತೆ?"

"ಇಲ್ಲ."

"ಮತ್ತೆ ಯಾರು ಅಗೀತಾರೆ?"

"ಯಾರೂ ಅಗೀಬಾರ್ದು ಅಂತ್ಲೇ ಕೇಳ್ತಿರೋದು."

ಮೂಲೆಯಲ್ಲಿದ್ದ ಮುದುಕ ಫಿಲಿಮೋನೆ ತಡೆಯಲಾರದೆ ಕಿಸಕ್ಕನೆ ನಕ್ಕ. ಅವನ ಮನೆಯ ನೆಲ ಪೆತೆಲೊನ ನೆಲಕ್ಕೆ ಒತ್ತಿಕೊಂಡೇ ಇದೆ. "ಅಗೆಯದವಳಿಗೆ ಅಗೆತದ ನೆಲ! ಹಲ್ಲಿಲ್ಲದವಳು ಕಬ್ಬಿನ ತೋಟ ಕೇಳಿದ ಹಾಗಾಯ್ತು."

"ನನ್ನ ಹಲ್ಲು ಎಲ್ಲಾ ನೆಟ್ಟಗಿವೆ ಫಿಲಿಮೋನೆ. ಹೆಣದ ಮುಂದೆ ಇದೀವಿ ಅಂತ ಸುಮ್ನಿದೀನಿ."

ಅತೋನಿಯೊ ಅಪ್ಪನ ಮುಖ ನೋಡಿದ, ನೆಲ ನೋಡಿದ. ಕೆರೆಯ ಆ ತುಂಡು ಅವನ ಮನೆಯ ಊಟವಾಗಿತ್ತು. ಹಡಗು ಬಂದಾಗ ನೆಂಟರಿಗೆ ಕಳಿಸುವ ಉಡುಗೊರೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅಪ್ಪ ಅವನಿಗೆ ಕೈಹಿಡಿದು ಕಲಿಸಿದ ಕೆಲಸ ಅದೊಂದೇ. ಹೊಟ್ಟೆಯಡಿಯಾಗಿ ಮಲಗಿ, ಭುಜದವರೆಗೂ ತೋಳು ಇಳಿಸಿ, ಬೆರಳ ತುದಿಯಲ್ಲಿ ಮೊಟ್ಟೆಯ ನುಣುಪು ಹುಡುಕುವುದು. ಆದರೆ ಅಪ್ಪನ ಹೆಣದ ಮುಂದೆ ಅಪ್ಪನ ಅಕ್ಕನಿಗೆ ಇಲ್ಲವೆನ್ನುವ ಗಂಡಸು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

"ತಗೊಳ್ಳಿ ಅತ್ತೆ," ಎಂದ. ಎದ್ದು ಹೊರಗೆ ಹೋದ.

ಮಣ್ಣು ಮಾಡಿ, ಶೋಕದ ದಿನಗಳು ಕಳೆದ ಮೇಲೆ ತೆಲೇಸಿಯಾ ಕೆರೆಗೆ ಇಳಿದಳು. ಆಗಲೇ ಐವತ್ತು ದಾಟಿದ ಹೆಂಗಸು. ಬೆಟ್ಟದ ಅಂಚಿನಿಂದ ಕೆರೆಗೆ ಇಳಿಯುವ ದಾರಿ ಕಡಿದು, ಜಾರು. ಇಳಿದು, ಕರಿಕಲ್ಲು ಆಯ್ದು, ಹಂದಿಗಳು ಬಾರದಂತೆ ನೆಲದ ಸುತ್ತ ಗೋಡೆ ಕಟ್ಟತೊಡಗಿದಳು. ಭಾನುವಾರವೊಂದನ್ನು ಬಿಟ್ಟು ದಿನಾ ಹೋಗುವಳು. ಕಲ್ಲು ಎತ್ತಿ ಎತ್ತಿ ಕೈಬೆರಳುಗಳ ಚರ್ಮ ಸುಲಿದು, ಇಗರ್ಜಿಯ ಪೂಜೆಯ ಹೊತ್ತಿಗೆ ಜಪಮಣಿಸರ ಹಿಡಿಯಲಾರದೆ ಅಂಗೈ ಮೇಲೆ ಸುಮ್ಮನೆ ಇಟ್ಟುಕೊಂಡು ಪ್ರಾರ್ಥಿಸುತ್ತಿದ್ದಳು.

ಊರವರು ಮೊದಲು ನಕ್ಕರು. "ಮಲೌಗಳ ರಾಣಿ ಹೊರಟ್ಳು ನೋಡ್ರೋ" ಎನ್ನುವರು. "ಕಾವು ಕೊಡೋಕೆ ಹೊರಟ್ರಾ?" ಎನ್ನುವರು. "ಹೂಂ, ಭೂಮಿಗೆ ಸುಸ್ತಾಗಿದೆಯಂತೆ, ಇವತ್ತು ನನ್ನ ಪಾಳಿ" ಎಂದು ಅವಳು ನಿಲ್ಲದೆ ನಡೆಯುವಳು. ಬರಬರುತ್ತ ನಗುವುದೂ ಬೇಸರವಾಗಿ ಬಿಟ್ಟರು.

ಕಷ್ಟವಾದದ್ದು ಬೆಕ್ಕಿನ ವಿಷಯ. ಅವಳ ಮನೆಯಲ್ಲೊಂದು ಬೂದು ಬೆಕ್ಕಿತ್ತು. ಒಂಟಿ ಹೆಂಗಸಿನ ಮನೆಯ ಬೆಕ್ಕು, ಮಡಿಲು ಬಿಟ್ಟು ಇಳಿಯದು. ಒಂದು ಬೆಳಗ್ಗೆ ಅದು ಮೆಟ್ಟಿಲ ಮೇಲೆ ಮಲೌ ಮರಿಯೊಂದನ್ನು ತಂದು ಇಟ್ಟಿತು. ಒಡತಿಗೆ ಕಾಣಿಕೆ. ತೆಲೇಸಿಯಾ ಬಹಳ ಹೊತ್ತು ಆ ಮರಿಯನ್ನೇ ನೋಡುತ್ತ ನಿಂತಳು. ಬೆಕ್ಕನ್ನು ಸಾಯಿಸುತ್ತಾಳೆಂದೇ ನಾನಂದುಕೊಂಡೆ. ಸಾಯಿಸಲಿಲ್ಲ, ಆದರೆ ಇಟ್ಟುಕೊಳ್ಳಲೂ ಇಲ್ಲ. ಬುಟ್ಟಿಯಲ್ಲಿ ಹಾಕಿ ಬಾಯಿ ಹೊಲಿದು, ಮುಂದಿನ ಹಡಗಿನಲ್ಲಿ ವವಾಉ ದ್ವೀಪದ ನೆಂಟಳೊಬ್ಬಳಿಗೆ ಕಳಿಸಿದಳು. ಬುಟ್ಟಿ ದೋಣಿಗೆ ಇಳಿಯುವಾಗ ಅದು ಕೂಗಿದ ಕೂಗು ನನಗೆ ಕೇಳಿಸಿದೆ. ಅವಳು ಬೆನ್ನು ತಿರುಗಿಸಿ ನಿಂತಿದ್ದಳು.

ಆ ಮೊದಲ ಮಳೆಗಾಲದಲ್ಲಿ ಗುಡ್ಡ ಜರಿದು ಗೋಡೆಯ ಒಂದು ಮಗ್ಗುಲು ಕೆಳಗಾಯಿತು. ಹಂದಿಗಳು ನುಗ್ಗಿ ನೆಲವನ್ನೆಲ್ಲ ಉತ್ತುಹಾಕಿದವು. ಎಲ್ಲಿ ನೋಡಿದರೂ ಮೊಟ್ಟೆಯ ಚಿಪ್ಪು. ಅವತ್ತು ಸಂಜೆ ತೆಲೇಸಿಯಾ ಒಲೆ ಹಚ್ಚಲಿಲ್ಲ. ನನ್ನ ಹೆಂಡತಿ ಬೇಯಿಸಿದ ಕೆಸು ಒಯ್ದು ಕೊಟ್ಟರೆ ಮುಟ್ಟಲಿಲ್ಲ. "ಪೆತೆಲೊ ತೆಗೆದಿದ್ರೆ ಮಕ್ಕಳಾದ್ರೂ ತಿಂತಿದ್ವು. ನಾನು ಹಂದಿಗೆ ಹಾಕಿದೆ" ಎಂದಳಂತೆ. ಬೆಳಗ್ಗೆ ನಾನು ಏಳುವ ಹೊತ್ತಿಗೆ ಅವಳ ಬಾಗಿಲಿಗೆ ಚಿಲಕ ಬಿದ್ದಿತ್ತು. ಕೆರೆಗೆ ಹೋಗಿದ್ದಳು. ಈ ಸಲ ಗೋಡೆಯನ್ನು ಮೊದಲಿಗಿಂತ ಅಗಲವಾಗಿ ಕಟ್ಟಿದಳು.

ಅದಾದ ಮರುವರ್ಷ ಬಿಷಪ್ ಬರುವ ಸುದ್ದಿ ಬಂತು. ನಮ್ಮ ದ್ವೀಪಕ್ಕೆ ಹಡಗು ಬರುವುದೇ ಅಪರೂಪ, ಬಿಷಪ್ ಬರುವುದು ಇನ್ನೂ ಅಪರೂಪ. ಔತಣದ ಹೊಣೆಯನ್ನು ಊರು ಅತೋನಿಯೊನಿಗೆ ವಹಿಸಿತು. ದೊಡ್ಡವರು ಬಂದಾಗ ಮಲೌ ಮೊಟ್ಟೆ ಬಡಿಸುವುದು ಹಿಂದಿನಿಂದ ಬಂದ ಪದ್ಧತಿ. ಬೇರೆ ನೆಲಗಳಲ್ಲಿ ಅಗೆದು ನೋಡಿದರು. ಸಿಕ್ಕಿದ್ದು ಒಂದು ತಟ್ಟೆಗೂ ಸಾಲದು. ಇಡೀ ಕೆರೆಯ ದಂಡೆಯಲ್ಲಿ ಹಕ್ಕಿಗಳು ಇನ್ನೂ ಬರುತ್ತಿದ್ದದ್ದು ಆ ಕರಿಕಲ್ಲ ಗೋಡೆಯ ಒಳಗೆ.

ಅತೋನಿಯೊ ಇಬ್ಬರು ಗೆಳೆಯರನ್ನು ಕರೆದುಕೊಂಡು, ಗುದ್ದಲಿ ಹಿಡಿದು, ಹಾಡುಹಗಲೇ ಇಳಿದ. ಕದ್ದು ಹೋಗಲಿಲ್ಲ, ಅದನ್ನು ಒಪ್ಪಬೇಕು. ಗೋಡೆಯ ಹತ್ತಿರ ನಾನೂ ಸೌದೆ ಕಡಿಯುತ್ತಿದ್ದೆ. ತೆಲೇಸಿಯಾ ಕಳೆ ಕೀಳುತ್ತಿದ್ದವಳು ಅವರನ್ನು ಕಂಡು ಎದ್ದು, ಎಲ್ಲಕ್ಕಿಂತ ದೊಡ್ಡ ಬಿಲದ ಬಾಯಿಗೆ ಹೋಗಿ, ಕಾಲು ಚಾಚಿ ಅದರ ಮೇಲೇ ಕೂತುಬಿಟ್ಟಳು.

ಅವಳು ಕೂತ ಮೇಲೆ ಅಳಿಯ ನಿಂತಿರುವ ಹಾಗಿಲ್ಲ. ಅತೋನಿಯೊ ಗುದ್ದಲಿ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತ.

"ಅತ್ತೆ, ಒಂದೇ ಸಲ. ದೇವರ ಕೆಲಸಕ್ಕೆ."

"ದೇವರೇನು ಮೊಟ್ಟೆ ಕೇಳಿದ್ನಾ?"

"ಬಿಷಪ್ ಬರ್ತಿದಾರೆ. ಅವರ ಮುಂದೆ ನಾನು ಮುಖ ಎಲ್ಲಿಡ್ಲಿ?"

"ನಿನ್ನ ಮುಖ ಎಲ್ಲಿದ್ಯೋ ಅಲ್ಲೇ ಇರ್ತದೆ. ಮೊಟ್ಟೆ ತಿಂದ್ರೆ ಅವರ ಮುಖ ಇನ್ನೂ ದುಂಡಗಾಗ್ತದೆ, ಅಷ್ಟೇ."

"ನಗಾಡ್ಬೇಡಿ ಅತ್ತೆ! ಅಪ್ಪನ ಹೆಣ ಇಟ್ಕೊಂಡು ಕೇಳಿದ್ರಿ. ಅಲ್ಲಿ ನಾನು ಏನ್ ಹೇಳಕ್ಕಾಗ್ತಿತ್ತು? ನಂಗೆ ಅಂತ ಅಪ್ಪ ಬಿಟ್ಟಿದ್ದು ಇದೊಂದೇ. ಕಿತ್ಕೊಂಡ್ರಿ."

"ಹೌದು, ಕಿತ್ಕೊಂಡೆ," ಎಂದಳು ತೆಲೇಸಿಯಾ. "ಬೇರೆ ದಾರಿ ಇರ್ಲಿಲ್ಲ. ನಿನ್ನ ಸಿಟ್ಟು ನ್ಯಾಯವೇ. ಇಟ್ಕೋ. ಆದ್ರೆ ನಾನು ಇಲ್ಲಿಂದ ಏಳಲ್ಲ."

ಗೆಳೆಯರಲ್ಲಿ ಒಬ್ಬ ಗೊಣಗಿದ. "ಇಷ್ಟಕ್ಕೆಲ್ಲ ಯಾಕಪ್ಪಾ, ಮುದುಕೀನ ಎತ್ತಿ ಪಕ್ಕಕ್ಕಿಟ್ರಾಯ್ತು."

ಅತೋನಿಯೊ ಸರಕ್ಕನೆ ತಿರುಗಿದ. "ನಮ್ಮತ್ತೇನ ಮುಟ್ಟು ನೋಡೋಣ. ಆ ಕೈ ಕೆರೇಲಿ ಹುಡುಕ್ಬೇಕಾಗ್ತದೆ." ಹೇಳಿದವನು ಗುದ್ದಲಿ ಎತ್ತಿ ದೂರ ಬಿಸಾಡಿ, ಹಿಂತಿರುಗಿ ನೋಡದೆ ಗುಡ್ಡ ಹತ್ತಿ ಹೋದ.

ಔತಣ ಮೊಟ್ಟೆಯಿಲ್ಲದೆ ನಡೆಯಿತು. ತೆಲೇಸಿಯಾ ತನ್ನ ಒಂದೇ ಒಂದು ಹೆಣ್ಣುಹಂದಿಯನ್ನು ನೆಲದೊಲೆಯಲ್ಲಿ ಸುಡಿಸಿ ಕಳಿಸಿದಳು. ಬಿಷಪ್ ಹೊಟ್ಟೆತುಂಬ ಉಂಡು, ಹೊಗಳಿ, ಹಡಗು ಹತ್ತಿದರು. ಅವರಿಗೆ ಏನೂ ಕಡಿಮೆಯೆನಿಸಲಿಲ್ಲ. ಅತೋನಿಯೊನಿಗೆ ಅನಿಸಿತು. ಅವತ್ತಿನಿಂದ ಅವನು ಅತ್ತೆಯೊಂದಿಗೆ ಮಾತು ಬಿಟ್ಟ. ದಾರಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಬದಿಗೆ ನಿಲ್ಲುವನು. ಮರ್ಯಾದೆಯಲ್ಲಿ ಒಂದು ಎಳೆಯೂ ಕಡಿಮೆಯಿಲ್ಲ, ಮಾತು ಮಾತ್ರ ಇಲ್ಲ. ಲಾವಿನಿಯಾ ಆಗಾಗ ತೆಂಗಿನಹಾಲಲ್ಲಿ ಬೇಯಿಸಿದ ಕೆಸುವಿನೆಲೆಯ ಪೊಟ್ಟಣ ತಂದುಕೊಟ್ಟು, "ಈ ಹಟ ನಿಮ್ಮನ್ನೇ ತಿನ್ನತ್ತೆ ಅತ್ತೆ" ಎಂದು ಬೈದುಹೋಗುವಳು. "ಹಟ ತಿನ್ನೋ ಮೊದ್ಲು ನಿನ್ನ ಕೆಸು ನಾನು ತಿಂತೀನಿ, ಕೊಡು" ಎನ್ನುವಳು ತೆಲೇಸಿಯಾ. ಲಾವಿನಿಯಾ ಹೋದ ಮೇಲೆ ತೆಲೇಸಿಯಾ ಅತೋನಿಯೊನ ಮನೆಯ ಕಡೆ ನೋಡುತ್ತ ಕೂರುವಳು. ಮಕ್ಕಳಿಲ್ಲದ ಅವಳಿಗೆ ಅವನು ಅಳಿಯ ಮಾತ್ರ ಆಗಿರಲಿಲ್ಲ.

ವರ್ಷಗಳು ಹೀಗೇ ಹೋದವು. ಒಂದು ಬೆಳಗ್ಗೆ ಕೆರೆಗೆ ಇಳಿಯುವಾಗ ಅವಳು ಜಾರಿಬಿದ್ದು ಕಾಲು ಮುರಿದುಕೊಂಡಳು. ದಾದಿ ಬಂದು ದಬ್ಬೆ ಕಟ್ಟಿ, ಕದಲಬಾರದೆಂದು ಕಟ್ಟಪ್ಪಣೆ ಮಾಡಿದಳು. ಹೊರಗೆ ಎಡೆಬಿಡದ ಮಳೆ. ತೆಲೇಸಿಯಾ ನನ್ನನ್ನು ಕರೆಸಿ, "ಗೋಡೆ ನೋಡ್ಕೊಂಡು ಬಾರಪ್ಪಾ" ಎಂದಳು.

ಮಳೆ ನಿಂತ ಕೂಡಲೇ ಹೋದೆ. ಹೋಗಿ ನೋಡಿದರೆ ಅಲ್ಲಿ ಅತೋನಿಯೊ, ಸೊಂಟದವರೆಗೆ ಕೆಸರಾಗಿ, ಬಿದ್ದ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸುತ್ತಿದ್ದ. ನನ್ನನ್ನು ನೋಡಿ ಸಿಟ್ಟಾದ.

"ನಾನಿಲ್ಲಿದ್ದೆ ಅಂತ ಹೇಳ್ಬೇಡ."

"ಹೇಳಲ್ಲ ಬಿಡು."

ಬಂದು ತೆಲೇಸಿಯಾಳಿಗೆ ಗೋಡೆ ಸರಿಯಾಗಿದೆ ಎಂದೆ. "ಬಿದ್ದಿರ್ಲಿಲ್ವಾ?" ಎಂದಳು. "ಬಿದ್ದಿತ್ತು, ಕಟ್ಟಾಯ್ತು" ಎಂದೆ. "ನೀನಾ?" ಎಂದು ನನ್ನ ಕೈಗಳನ್ನು ನೋಡಿದಳು. "ನಿನ್ನ ಕೋಳಿಗೂಡೇ ಗಾಳಿಗೆ ಹಾರಿಹೋಗ್ತದೆ." ಆಮೇಲೆ ಮುಖವನ್ನು ಅತ್ತ ತಿರುಗಿಸಿಕೊಂಡಳು. ಭುಜ ಅಲುಗುತ್ತಿತ್ತು. ನಾನು ಹೊರಗೆ ಬಂದೆ.

ಕೆಲವು ದಿನಗಳಾದ ಮೇಲೆ ಅತೋನಿಯೊ ತಾನೇ ಬಂದ. ಬಾಗಿಲ ಹತ್ತಿರ ಕೂತ. ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಚಾಪೆಯ ಅಂಚು ಎಳೆಯುತ್ತಿದ್ದ.

"ಅತ್ತೆ, ಇವತ್ತು ಒಂದು ಮರಿ ಮೇಲೆ ಬಂತು."

"ಎಲ್ಲಿ?"

"ಗಾಳಿಮರದ ಹತ್ರ. ಮಣ್ಣು ಅಲ್ಲಾಡ್ತು. ಇಲಿ ಅಂದ್ಕೊಂಡೆ. ಆಮೇಲೆ ತಲೆ ಬಂತು. ಕಣ್ಣು ತುಂಬಾ ಮಣ್ಣು. ಸುಸ್ತಾಗಿತ್ತು ಪಾಪ, ಅಲ್ಲೇ ಬಾಯಿ ತೆರ್ಕೊಂಡು ಕೂತಿತ್ತು. ನಾನು ಅಲ್ಲಾಡ್ಲಿಲ್ಲ. ಎದ್ದು ಒಂದ್ಸಲ ಮೈ ಕೊಡವಿ, ಹಾರ್ಹೋಯ್ತು ಅತ್ತೆ! ಹುಟ್ಟಿದ ದಿನವೇ!" ಅವನ ಕೈ ಚಾಪೆಯ ಅಂಚು ಬಿಟ್ಟಿತ್ತು. "ಚಿಕ್ಕೋನಿದ್ದಾಗಿಂದ ಮೊಟ್ಟೆ ತೆಗೆದಿದೀನಿ. ಒಂದು ಮರಿ ಬಂದಿದ್ದೂ ನೋಡಿರ್ಲಿಲ್ಲ."

"ತೆಗೆದೋರು ಹೇಗೆ ನೋಡ್ತಾರೆ," ಎಂದಳು ತೆಲೇಸಿಯಾ. ಬೈಯುವ ದನಿಯಾಗಿರಲಿಲ್ಲ. "ಊಟ ಮಾಡಿದ್ಯಾ?"

"ಇಲ್ಲ."

"ಗೆಣಸಿದೆ. ಬಡಿಸ್ಕೋ. ನಂಗೆ ಏಳಕ್ಕಾಗಲ್ಲ."

ಅವನು ಬಡಿಸಿಕೊಂಡು ಉಂಡ. ಮಾತು ಮತ್ತೆ ಶುರುವಾಯಿತು.

ಕಾಲು ಕೂಡಿತು, ಆದರೆ ಕುಂಟು ಉಳಿಯಿತು. ಕೆರೆಗೆ ಇಳಿಯುವ ಕೆಲಸ ಅತೋನಿಯೊ ತನ್ನದು ಮಾಡಿಕೊಂಡ. ಇನ್ನಾದರೂ ಇವಳು ಸುಮ್ಮನೆ ಕೂರುತ್ತಾಳೆಂದು ನಾವೆಲ್ಲ ಅಂದುಕೊಂಡೆವು. ಅವಳು ಊರುಗೋಲು ಹಿಡಿದು ಫಿಲಿಮೋನೆಯ ಮನೆಗೆ ಹೋದಳು. ಅಲ್ಲಿ ಅವಳಿಗೆ ಅತ್ತೆಯ ಹಕ್ಕಿಲ್ಲ, ಯಾವ ಹಕ್ಕೂ ಇಲ್ಲ. ಬಾಯಿಯೊಂದೇ.

"ಬಂದ್ಯಾ ಹಲ್ಲಿರೋಳೇ," ಎಂದ ಮುದುಕ. "ನಾನಿನ್ನೂ ಸತ್ತಿಲ್ಲ, ನಿಂಗೆ ಚಾಪೆ ಹಾಸೋಕೆ."

"ಬದುಕಿರುವಾಗ್ಲೇ ಕೇಳೋಣ ಅಂತ. ನಿನ್ನ ನೆಲದಲ್ಲಿ ಅಗೆಯೋದು ಬಿಡು."

"ಬಿಡಲ್ಲ."

"ಸರಿ." ಅವಳು ಅವನ ಅಂಗಳದಲ್ಲಿ ಕೂತು, ಅವನ ಹೆಂಡತಿಗೆ ಕೇದಿಗೆ ಗರಿ ಸೀಳಿಕೊಟ್ಟು, ಸಂಜೆಗೆ ಎದ್ದುಬಂದಳು. ಮರುವಾರ ಮತ್ತೆ ಹೋದಳು. ಆ ವರ್ಷವೆಲ್ಲ ಹೋದಳು. ಫಿಲಿಮೋನೆ ಕೂಗಾಡಿದ, ಮನೆಯೊಳಗೆ ಅಡಗಿದ, ಕೊನೆಗೆ ಹೆಂಡತಿಯೂ ಅವಳ ಕಡೆ ಸೇರಿಕೊಂಡಾಗ ಸೋತ.

"ಕೆರೆ ಕಡೆ ಅರ್ಧ ಬಿಡ್ತೀನಿ. ಗುಡ್ಡದ ಕಡೇದು ನಂದು. ಈಗಾದ್ರೂ ನನ್ನ ಅಂಗಳ ಬಿಡ್ತೀಯಾ ಮಾರಾಯ್ತಿ?"

"ಇವತ್ತಿಗೆ ಬಿಡ್ತೀನಿ," ಎಂದು ಅವಳು ಊರುಗೋಲಿಗೆ ಕೈ ಹಾಕಿದಳು.

ಅವಳು ತೀರಿಕೊಂಡದ್ದು ಅದಾದ ಎಷ್ಟೋ ವರ್ಷಗಳ ಮೇಲೆ, ಮುಪ್ಪಿನಿಂದ. ಗುಡ್ಡದ ಕಡೆಯ ಅರ್ಧವನ್ನು ಫಿಲಿಮೋನೆ ಕೊನೆಯವರೆಗೂ ಬಿಡಲಿಲ್ಲ. ಈಗ ಅವನ ಮಗ ಅಗೆಯುತ್ತಾನೆ. ಇನ್ನೂ ಕೆಲವರು ಅಗೆಯುತ್ತಾರೆ, ಹಂದಿಗಳೂ ಬೆಕ್ಕುಗಳೂ ಇದ್ದೇ ಇವೆ. ಆದರೆ ಆ ಗೋಡೆಯೊಳಗೆ ಯಾರೂ ಕೈ ಹಾಕುವುದಿಲ್ಲ. ಅದರ ಇನ್ನೊಂದು ಬದಿಯ ನೆಲವನ್ನೂ ಈಚೆಗೆ ಆ ಮನೆಯವರೇ ಬಿಟ್ಟಿದ್ದಾರೆ. ಅತೋನಿಯೊ ತಲೆ ನರೆತರೂ ದಿನಾ ಇಳಿದು ಕಲ್ಲು ನೋಡಿಕೊಂಡು ಬರುತ್ತಾನೆ. ಹಂದಿ ಬಿಟ್ಟವರ ಮನೆಮುಂದೆ ನಿಂತು ಅವನು ಬೈಯುವುದನ್ನು ಕೇಳಬೇಕು. ಕಳೆದ ವಾರ ನನ್ನ ಹಂದಿಗೂ ಬೈದ.